ಮೀನೆಣ್ಣೆ ಹಚ್ಚಿದ ಪುಸ್ತಕ

ನಾನು ಕಡಲ ದಂಡೆಯವನು ಎಂದು ಗೊತ್ತಾದ ಕೂಡಲೇ ಘಟ್ಟದ ಮೇಲಿನವರು ಕೇಳುವ ಮೊದಲ ಪ್ರಶ್ನೆ, "ಹಾಗಾದರೆ ನಿಮಗೆ ಈಜು ಚೆನ್ನಾಗಿ ಬರಬೇಕಲ್ಲ?" ಬರುವುದಿಲ್ಲ. ಈ ಉತ್ತರ ಕೇಳಿ ಅವರು ನಗುತ್ತಾರೆ, ನನಗೆ ಸಿಟ್ಟು ಬರುತ್ತದೆ. ಮೀನುಗಾರರೆಂದರೆ ಹುಟ್ಟುತ್ತಲೇ ಗಂಡೆದೆಯವರು, ತೆರೆಗಳ ಮೇಲೆ ಹಾಡುತ್ತ ಹೋಗುವವರು ಎಂದೆಲ್ಲ ಬರೆಯುವ ಜನರನ್ನು ಒಂದು ಸಲ ಜೂನ್ ತಿಂಗಳಲ್ಲಿ ಶರಾವತಿಯ ಲಾಂಚಿನಲ್ಲಿ ಕೂರಿಸಿ, ಅಳಿವೆಯ ಕಡೆ ಮುಖ ಮಾಡಿಸಬೇಕು. ಆಮೇಲೆ ಬರೆಯಲಿ. ನಾನಂತೂ ಪುಕ್ಕಲ. ಆಗಲೂ ಹಾಗೆಯೇ, ಈಗಲೂ ಹಾಗೆಯೇ.

ನನಗೆ ಆರು ವರ್ಷವಿದ್ದಾಗ ಅಪ್ಪ ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ಮಳೆಗಾಲ ಮುಗಿದು ದೋಣಿ ಇಳಿಸಿದ ಮೊದಲ ವಾರ ಅದು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲೇ ದೋಣಿ ಮಗುಚಿತು. ಉಳಿದ ಐದು ಜನ ಈಜಿ ದಂಡೆ ಸೇರಿದರು. ಅಂದಿನಿಂದ ಅವ್ವ ನನ್ನನ್ನು ಮೊಣಕಾಲುದ್ದ ನೀರಿಗೂ ಬಿಡಲಿಲ್ಲ. ಕೇರಿಯ ನನ್ನ ವಯಸ್ಸಿನವರೆಲ್ಲ ನೀರಿನಲ್ಲೇ ಬೆಳೆದರು, ನಾನು ಮರಳಿನ ಮೇಲೆ ಬೆಳೆದೆ. ಅವ್ವ ಬಿಟ್ಟಿದ್ದರೂ ನಾನು ಇಳಿಯುತ್ತಿರಲಿಲ್ಲ. ನೀರೆಂದರೆ ನನಗೆ ಅಷ್ಟು ಭಯ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೆದರಿಕೆ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಮನೆಯಲ್ಲಿದ್ದದ್ದು ಅವ್ವ, ಅಜ್ಜ ಮತ್ತು ಅಪ್ಪನ ತಮ್ಮ, ಅಂದರೆ ನನ್ನ ಚಿಕ್ಕಪ್ಪ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಕೇರಿಗೆ ಕೇರಿಯೇ ಸಂಭ್ರಮಪಟ್ಟಿತು, ಚಿಕ್ಕಪ್ಪ ಮಾತ್ರ ದೋಣಿಯ ಕಡೆ ನೋಡಿದ. ಅವನು ಕೆಟ್ಟವನಲ್ಲ. ಅವನ ದೋಣಿಗೆ ಒಂದು ಜನ ನಿಜಕ್ಕೂ ಕಡಿಮೆ ಇತ್ತು.

"ನೂಲ ಹುಣ್ಣಿಮೆವರೆಗೆ ನೋಡ್ವ," ಎಂದ. "ಅಲ್ಲಿವರೆಗೆ ಕಾಲೇಜು ಸಮ ನಡೆದ್ರೆ ಆತು, ಮುಂದೆ ಓದ್ಲಿ. ಎಂತಾದ್ರೂ ಅಡ್ಡ ಬಂತು ಅಂದ್ರೆ ದೋಣಿಗೆ ಬರ್ಲಿ. ಆಮೇಲೆ ಅದೂ ಇಲ್ಲ ಇದೂ ಇಲ್ಲ ಅಂತ ದಂಡೆ ಮೇಲೆ ಕೂತ್ಕಂಬುದು ಬ್ಯಾಡ."

ನೂಲ ಹುಣ್ಣಿಮೆಯ ದಿನ ನಮ್ಮವರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ಮಳೆಗಾಲದಲ್ಲಿ ಮೇಲೆಳೆದಿಟ್ಟ ದೋಣಿಗಳನ್ನು ಮತ್ತೆ ನೀರಿಗೆ ಇಳಿಸುತ್ತಾರೆ. ನನಗೆ ಸಿಕ್ಕಿದ್ದು ಎರಡು ತಿಂಗಳು ಚಿಲ್ಲರೆ. ಕಾಲೇಜು ತಪ್ಪಿದರೆ ಅಪ್ಪ ಹೋದ ದಾರಿಯಲ್ಲೇ, ಅದೇ ಅಳಿವೆಯ ಬಾಯಿಂದ ನಾನೂ ಹೋಗಬೇಕು. ಇಷ್ಟು ನನಗೆ ಸರಿಯಾಗಿ ಅರ್ಥವಾಗಿತ್ತು.

ಅರವತ್ತರ ದಶಕದ ನಡುವಿನ ಮಾತಿದು. ನಮ್ಮ ಕೇರಿ ಹೊನ್ನಾವರದ ಎದುರು ದಂಡೆಯಲ್ಲಿ, ಮಂಕಿಗೆ ಹೋಗುವ ರಸ್ತೆಯ ಬದಿಗೆ. ಶರಾವತಿಗೆ ಆಗಿನ್ನೂ ಸೇತುವೆ ಆಗಿರಲಿಲ್ಲ. ಬೆಳಿಗ್ಗೆ ಲಾಂಚಿನಲ್ಲಿ ಹೊಳೆ ದಾಟಿ ಹೊನ್ನಾವರ, ಅಲ್ಲಿಂದ ಬಸ್ಸಿನಲ್ಲಿ ಕುಮಟೆ, ಕುಮಟೆಯಲ್ಲಿ ಕಾಲೇಜು. ಸಂಜೆ ಅದೇ ದಾರಿ ಉಲ್ಟಾ. ಸಮುದ್ರ ತಪ್ಪಿಸಿಕೊಳ್ಳಲು ಕಾಲೇಜು ಸೇರಿದವನು ಕಾಲೇಜಿಗಾಗಿ ದಿನಕ್ಕೆ ಎರಡು ಸಲ ತುಂಬಿದ ಹೊಳೆ ದಾಟಬೇಕಾಯಿತು. ಇದರಲ್ಲಿ ಯಾರಿಗಾದರೂ ತಮಾಷೆ ಕಂಡರೆ ಕಾಣಲಿ. ನಾನು ಲಾಂಚಿನ ನಡುವೆ, ಇಂಜಿನ್ನಿನ ಬಿಸಿ ತಾಗುವಲ್ಲಿ, ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಕೇಳಿದವರಿಗೆ ಪಾಠ ಬಾಯಿಪಾಠ ಮಾಡುತ್ತಿದ್ದೇನೆ ಎನ್ನುತ್ತಿದ್ದೆ.

ಆದರೆ ಕುಮಟೆಯಲ್ಲಿ ಬಸ್ಸು ಇಳಿದರೆ ನಾನು ಬೇರೆಯೇ ಮನುಷ್ಯ. ಆ ಮೊದಲ ಎರಡು ವಾರಗಳ ಹುಚ್ಚು ಈಗ ನೆನೆದರೂ ನಾಚಿಕೆಯಾಗುತ್ತದೆ. ವೇಳಾಪಟ್ಟಿಯನ್ನು ಮೂರು ಬಣ್ಣದ ಪೆನ್ಸಿಲಿನಲ್ಲಿ ಬರೆದು ನೋಟುಬುಕ್ಕಿಗೆ ಅಂಟಿಸಿದ್ದೆ, ಅದರ ಇನ್ನೊಂದು ಪ್ರತಿ ಮಾಡಿ ಮನೆಯ ಗೋಡೆಗೂ ಅಂಟಿಸಿದೆ. ನೋಟೀಸು ಬೋರ್ಡಿನಲ್ಲಿ ನನಗೆ ಸಂಬಂಧವೇ ಇಲ್ಲದ ಸೂಚನೆಗಳನ್ನೂ ಕೊನೆಯ ಸಹಿಯವರೆಗೆ ಓದುತ್ತಿದ್ದೆ. ಹಾಜರಿ ಕರೆಯುವಾಗ 'ಪ್ರೆಸೆಂಟ್ ಸರ್' ಎನ್ನುವುದನ್ನು ಗಟ್ಟಿಯಾಗಿ ಹೇಳಬೇಕೋ ಮೆಲ್ಲಗೆ ಹೇಳಬೇಕೋ ಎಂದು ಲಾಂಚಿನಲ್ಲಿ ಅಭ್ಯಾಸ ಮಾಡಿ, ಕೊನೆಗೆ ನಂಬರು ಬಂದಾಗ ಧ್ವನಿಯೇ ಹೊರಡದೆ ಎರಡು ದಿನ ಗೈರುಹಾಜರಿ ಹಾಕಿಸಿಕೊಂಡೆ. ಮೊದಲ ಸಲ ಫುಲ್ ಪ್ಯಾಂಟು ಹೊಲಿಸಿದ್ದೆ. ಲಾಂಚಿನಲ್ಲಿ ಅದನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಕುಮಟೆಯಲ್ಲಿ ಇಳಿಸಿ, ಸುಕ್ಕುಗಳನ್ನು ಒದ್ದೆ ಕೈಯಿಂದ ತೀಡುತ್ತಿದ್ದೆ. ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ದಿನ ಊಟ ಮಾಡಿದ್ದೇ ನೆನಪಿಲ್ಲ.

ಬೆಂಚಿನಲ್ಲಿ ನನ್ನ ಪಕ್ಕ ಭಟ್ಕಳದ ಒಬ್ಬ ಗೆಳೆಯ ಕೂರುತ್ತಿದ್ದ. ಭಟ್ಕಳದ ಮನೆಯಲ್ಲಿ ನವಾಯತಿ ಭಾಷೆ, ಕುಮಟೆಯಲ್ಲಿ ಅವನು ಉಳಿದುಕೊಂಡಿದ್ದ ನೆಂಟರ ಮನೆಯಲ್ಲಿ ಉರ್ದು, ನನ್ನ ಜೊತೆ ಕನ್ನಡ. ಯಾವುದಕ್ಕೂ ಹೆದರದ ಪ್ರಾಣಿ. ಪಿಂಗ್‌ಪಾಂಗ್ ಮೇಜಿನ ಮುಂದೆ ನಿಂತರೆ ಗಂಟೆ ಹೊಡೆದದ್ದೂ ಅವನಿಗೆ ಕೇಳುತ್ತಿರಲಿಲ್ಲ. ನನಗೆ ಬ್ಯಾಟು ಹಿಡಿಯುವುದನ್ನು ಕಲಿಸಿದವನು ಅವನೇ. ಚೆಂಡು ನನ್ನ ಕಡೆ ಬಂದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆನಂತೆ.

ಎಲ್ಲಕ್ಕಿಂತ ದೊಡ್ಡ ಹುಚ್ಚು ಲೈಬ್ರರಿಯದು, ಎಲ್ಲಕ್ಕಿಂತ ದೊಡ್ಡ ಹೆದರಿಕೆಯೂ ಅಲ್ಲಿಯದೇ. ತಂತಿಜಾಳಿಗೆಯ ಹಿಂದೆ ಕರಿ ಟೊಪ್ಪಿಯ, ಸಪೂರ ದೇಹದ ಲೈಬ್ರರಿಯನ್ ಕೂರುತ್ತಿದ್ದರು. ಚೀಟಿ ಬರೆದು, ನಮ್ಮ ಎರವಲು ಟಿಕೆಟನ್ನು ಅವರ ಬಳಿ ಇಟ್ಟರೆ ಪುಸ್ತಕ ತರಿಸಿಕೊಡುವರು, ನಗು ಕೊಡುವ ಪದ್ಧತಿ ಇರಲಿಲ್ಲ. ಪುಸ್ತಕ ತಿರುಗಿ ಕೊಡುವಾಗ ಅವರು ಹಾಳೆಗಳನ್ನು ಹೆಬ್ಬೆರಳಿನಿಂದ ಸರಸರ ಹಾಯಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ ಮೂಗಿನ ಹತ್ತಿರ ಒಯ್ದು ಮೂಸುತ್ತಿದ್ದರು. ಮಳೆಗಾಲದ ಬೂಷ್ಟು ಹಿಡಿದಿದೆಯೋ ಎಂದು ನೋಡುವ ಕ್ರಮ ಅದು. ಗೋಡೆಯ ಮೇಲೆ ದೊಡ್ಡ ಅಕ್ಷರದ ಫಲಕ ಇತ್ತು: ಪುಸ್ತಕ ಕೆಡಿಸಿದವರ ಟಿಕೆಟ್ ರದ್ದಾಗುವುದು. ಹಿಂದಿನ ವರ್ಷ ಯಾಣದ ಕಡೆಯ ಒಬ್ಬ ವಿದ್ಯಾರ್ಥಿ ಪುಸ್ತಕದ ಮೇಲೆ ಎಲೆಯಡಿಕೆಯ ಕಲೆ ಮಾಡಿದ್ದಕ್ಕೆ ಇವರು ಅವನ ಕಣ್ಣೆದುರೇ ಟಿಕೆಟ್ ಹರಿದು ಹಾಕಿದರಂತೆ, ದೀಪಾವಳಿಯ ಹೊತ್ತಿಗೆ ಅವನು ಕಾಲೇಜು ಬಿಟ್ಟನಂತೆ. ನಿಜವೋ ಸುಳ್ಳೋ, ನನಗೆ ಇದನ್ನು ಮೂರು ಜನ ಹೇಳಿದ್ದರು.

ನನಗಂತೂ ಟಿಕೆಟ್ ಹೋದರೆ ಕಾಲೇಜು ಹೋದ ಹಾಗೇ. ಕನ್ನಡದಲ್ಲಿ ಓದಿ ಬಂದವನಿಗೆ ಇಂಗ್ಲಿಷಿನ ಪಾಠ ಅರ್ಧವೂ ತಲೆಗೆ ಹತ್ತುತ್ತಿರಲಿಲ್ಲ. ಪುಸ್ತಕ ಮನೆಗೆ ಒಯ್ದು, ಒಂದೊಂದೇ ಸಾಲು ನಾಲ್ಕು ಸಲ ಓದಿದರೆ ಮಾತ್ರ ಉಳಿಗಾಲ. ಪ್ರಾಣಿಶಾಸ್ತ್ರದ ಪುಸ್ತಕವನ್ನು ಏಳು ದಿನಕ್ಕೆಂದು ತಂದೆ. ದಪ್ಪ ರಟ್ಟು, ನಡುವೆ ಬಣ್ಣದ ಚಿತ್ರಗಳು. ಎರವಲು ಕೊಡುವುದಕ್ಕೆ ಲೈಬ್ರರಿಯಲ್ಲಿ ಇದ್ದದ್ದು ಅದೊಂದೇ ಪ್ರತಿ.

ಅಂದು ಸಂಜೆ ಹೊಳೆಯ ಮೇಲೆ ಗಾಳಿಮಳೆ. ಪುಸ್ತಕವನ್ನು ಅಂಗಿಯ ಒಳಗೆ ಹೊಟ್ಟೆಗೆ ಅವುಚಿಕೊಂಡು, ಅದರ ಮೇಲೆ ಕೊಡೆ ಹಿಡಿದು ಬಂದರೂ ಒಂದು ಮೂಲೆ ನೆನೆದಿತ್ತು. ಮನೆಗೆ ಬಂದವನೇ ಒಲೆಯ ಮುಂದೆ ಕುಳಿತು, ಆ ಮೂಲೆಯನ್ನು ಬೆಂಕಿಗೆ ಹಿಡಿದು ಅತ್ತೇಬಿಟ್ಟೆ. ಹದಿನೇಳು ವರ್ಷದವನು ಹೀಗೆ ಅಳುವುದನ್ನು ಅಜ್ಜ ಮೂಲೆಯಲ್ಲಿ ಕುಳಿತು ನೋಡುತ್ತಿದ್ದ.

"ಎಂತ ಆತು, ತಮಾ?"

"ಪುಸ್ತಕ ನೆನೆದದೆ ಅಜ್ಜ. ಇದು ಹಾಳಾದ್ರೆ ನನ್ನ ಕಾಲೇಜಿಂದ ತೆಗೀತ್ರು."

ಅಜ್ಜ ಪುಸ್ತಕ ಕೇಳಿ ತೆಗೆದುಕೊಂಡ. ಓದು ಬರಹ ಗೊತ್ತಿಲ್ಲದವನು. ಒಂದೊಂದೇ ಹಾಳೆ ತಿರುವುತ್ತ ಹೋಗಿ ಮೀನುಗಳ ಬಣ್ಣದ ಚಿತ್ರ ಬಂದ ಕಡೆ ನಿಂತ. ತುಂಬ ಹೊತ್ತು ನೋಡಿ, "ಇದರ ರೆಕ್ಕೆ ಸಮ ಬರೀಲಿಲ್ಲ. ಆದ್ರೂ ಅಡ್ಡಿಲ್ಲ, ಮೀನು ಕಂಡ ಮನ್ಷಾನೇ ಬರ್ದದ್ದು," ಎಂದ. ಪುಸ್ತಕದ ಬಗ್ಗೆ ಅವನಿಗೆ ಗೌರವ ಬಂತೆಂದು ಕಾಣುತ್ತದೆ. ರಟ್ಟಿನ ಮೇಲೆ, ಹಾಳೆಗಳ ಅಂಚಿನ ಮೇಲೆ ಬೆರಳಾಡಿಸಿ ನೋಡಿ ತಿರುಗಿ ಕೊಟ್ಟ.

ಭಾನುವಾರ ನಾನು ಮಂಕಿಯಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿ ಸಂಜೆಗೆ ಬಂದೆ. ಅಂಗಳಕ್ಕೆ ಕಾಲಿಡುವಾಗಲೇ ಮೀನೆಣ್ಣೆಯಲ್ಲಿ ರಾಳ ಕುದಿಸಿದ ವಾಸನೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಮಳೆಗಾಲದ ಮೊದಲು ದೋಣಿ ಮೇಲೆಳೆದು, ತಾರ್ಲೆ ಮೀನಿನ ಎಣ್ಣೆಗೆ ರಾಳದ ಪುಡಿ ಹಾಕಿ ಕುದಿಸಿ, ಮರಕ್ಕೆ, ಹಲಗೆಗಳ ಸಂದಿಗಳಿಗೆ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಆ ವರ್ಷದ ಎಣ್ಣೆ ಗಡಿಗೆಯಲ್ಲಿ ಇನ್ನೂ ಉಳಿದಿತ್ತು. ಒಳಗೆ ಹೋದೆ. ಒಲೆಯ ಮೇಲಿನ ಹಗ್ಗಕ್ಕೆ ಬಲೆ ಒಣಹಾಕುವ ಹಾಗೆ ಏನೋ ಕಪ್ಪಗೆ ಹೊಳೆಯುವುದನ್ನು ತೂಗುಹಾಕಿತ್ತು.

ಹತ್ತಿರ ಹೋದರೆ ಅದು ನನ್ನ ಪ್ರಾಣಿಶಾಸ್ತ್ರದ ಪುಸ್ತಕ.

"ಮುಟ್ಬೇಡ, ಹಸಿ ಅದೆ," ಎಂದ ಅಜ್ಜ. ಇಡೀ ದಿನ ಕೆಲಸ ಮಾಡಿದವನ ಖುಷಿ ಮುಖದಲ್ಲಿತ್ತು. "ರಟ್ಟಿಗೆ ಎರಡು ಸಲ ಹಚ್ಚಿದೆ. ನೀರು ಬಪ್ಪುದು ಸಂದಿಯಿಂದ ಅಲ್ದಾ? ಅದಕೇ ಮೂರೂ ಬದಿ ಹಾಳೆ ಸಂದಿಗೆ ಗಟ್ಟಿ ಹಚ್ಚಿದ್ದೆ. ಇನ್ನು ಇದ್ರ ಹೊಳೆಗೆ ಹೊತಾಕಿದ್ರೂ ಒಂದು ಹನಿ ಒಳಗೆ ಹೋಗುದಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಅಜ್ಜ ಕೈ ತೊಳೆಯಲು ಹೊರಗೆ ಹೋದಾಗ ಮೆಲ್ಲಗೆ, "ಅಜ್ಜಂಗೆ ಎಂತದೂ ಅನ್ಬೇಡ," ಎಂದಳು. ನಾನು ಅನ್ನಲಿಲ್ಲ. ಅವನು ಒಳಗೆ ಬಂದಾಗ, "ಚಲೋ ಆತು ಅಜ್ಜ," ಎಂದೆ.

ಮರುದಿನ ಬೆಳಿಗ್ಗೆ ಪುಸ್ತಕ ಒಣಗಿತ್ತು, ಒಂದೇ ಹಲಗೆಯಂತೆ ಗಟ್ಟಿಯಾಗಿತ್ತು. ತೆರೆಯಲು ನೋಡಿದೆ. ರಟ್ಟು ಸ್ವಲ್ಪ ಎದ್ದಿತು, ಅದರ ಜೊತೆ ಮೊದಲ ಹಾಳೆ ಹರಿದು ಬಂತು. ಅಷ್ಟಕ್ಕೇ ಬಿಟ್ಟೆ. ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಕಾಲೇಜಿಗೆ ಒಯ್ಯುವ ಧೈರ್ಯವಿಲ್ಲದೆ, ಮನೆಯಲ್ಲಿ ಇಡುವ ಧೈರ್ಯವೂ ಇಲ್ಲದೆ ಚೀಲದಲ್ಲಿ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ನನ್ನ ಪಕ್ಕದವರು ಎದ್ದು ಹೋಗಿ ನಿಂತುಕೊಂಡರು.

ಆ ವಾರ ನಾನು ಒಂದು ಪಾಠವನ್ನೂ ಕೇಳಲಿಲ್ಲ. ಲೈಬ್ರರಿಯ ಮುಂದೆ ಹೋಗುವುದನ್ನು ಬಿಟ್ಟು, ಇಡೀ ಕಟ್ಟಡ ಸುತ್ತಿ ಹಿಂಬಾಗಿಲಿನಿಂದ ತರಗತಿಗೆ ಹೋಗುತ್ತಿದ್ದೆ. ಕರಿ ಟೊಪ್ಪಿ ಯಾರದೇ ಇರಲಿ, ದೂರದಿಂದ ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದೆ. ಜವಾನ ರಿಜಿಸ್ಟರು ಹಿಡಿದು ಬಾಗಿಲಲ್ಲಿ ನಿಂತರೆ ನನ್ನನ್ನೇ ಕರೆಯಲು ಬಂದ ಎಂದು ಬೆವರುತ್ತಿದ್ದೆ. ಮನೆಯಲ್ಲಿ ಅಜ್ಜ ದಿನಾ ಸಂಜೆ, "ನೆನೀಲಿಲ್ಲ ಅಲ್ದಾ?" ಎಂದು ಕೇಳುತ್ತಿದ್ದ. "ಇಲ್ಲ ಅಜ್ಜ," ಎನ್ನುತ್ತಿದ್ದೆ. ಅಲ್ಲಿಯವರೆಗೆ ನನ್ನ ಹೆದರಿಕೆ ನೀರಿನದ್ದು ಮಾತ್ರ ಆಗಿತ್ತು. ಈಗ ಎರಡೂ ದಂಡೆಯಲ್ಲಿ ಹೆದರಿಕೆ, ನಡುವೆ ಹೊಳೆ.

ಕೊನೆಗೆ ಭಟ್ಕಳದ ಗೆಳೆಯನಿಗೆ ಹೇಳಿದೆ. ಅವನು ಪುಸ್ತಕ ನೋಡಿ ಮೊದಲು ಬಿದ್ದು ಬಿದ್ದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಅರೆ, ವಾಸನೆ ಹೋದ್ರೆ ಅರ್ಧ ಕೆಲಸ ಆಯ್ತು. ಉಳಿದದ್ದು ಆಮೇಲೆ ನೋಡುವಾ," ಎಂದು ಮರುದಿನ ಒಂದು ಪುಟ್ಟ ಶೀಶೆಯಲ್ಲಿ ಅತ್ತರು ತಂದ. ಅವನ ನೆಂಟರ ಮನೆಯಲ್ಲಿ ಹಬ್ಬಕ್ಕೆ ಹಚ್ಚಿಕೊಳ್ಳುವಂಥದ್ದು. ಇಬ್ಬರೂ ಕಾಲೇಜಿನ ಹಿಂದೆ ಹೋಗಿ ರಟ್ಟಿನ ತುಂಬ ಹಚ್ಚಿದೆವು. ಈಗ ಪುಸ್ತಕದಿಂದ ಮೀನೂ ಮಲ್ಲಿಗೆಯೂ ಕೂಡಿ ಬರತೊಡಗಿದವು. ಮೊದಲಿನದೇ ವಾಸಿಯಿತ್ತು. ಗೆಳೆಯ ತಾನೇ ಮೂಗು ಮುಚ್ಚಿಕೊಂಡು, "ಮಾಫ್ ಮಾಡು ಮಾರಾಯ," ಎಂದ.

ಏಳು ದಿನ ಕಳೆದು ಹತ್ತು ದಿನವಾಯಿತು. ನೋಟೀಸು ಬೋರ್ಡಿನ ಒಂದೂ ಸೂಚನೆ ಬಿಡದ ನಾನು ಅಂದು ಅಲ್ಲಿ, ಪುಸ್ತಕ ತಿರುಗಿ ಕೊಡದವರ ಪಟ್ಟಿಯಲ್ಲಿ, ನನ್ನ ನಂಬರನ್ನೇ ಓದಿದೆ. ಜಾಳಿಗೆಯ ಮುಂದೆ ಹೋಗಿ ನಿಂತೆ.

"ಪುಸ್ತಕ ಎಲ್ಲಿ?"

"ಮನೆಯಲ್ಲಿದೆ ಸರ್." ಅದು ನನ್ನ ಚೀಲದಲ್ಲೇ ಇತ್ತು. ಅವರ ಮೂಗು ಒಂದು ಕ್ಷಣ ಅರಳಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನಾಳೆ ಪುಸ್ತಕ ಬರಬೇಕು. ಜೊತೆಗೆ ಮನೆಯ ಹಿರಿಯರೊಬ್ಬರು ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಟಿಕೆಟ್ ಇರುವುದಿಲ್ಲ."

ಆ ಸಂಜೆ ಚಿಕ್ಕಪ್ಪ ದೋಣಿಯ ಮೇಲೆ ಹೊದಿಸಿದ್ದ ತೆಂಗಿನ ಮಡಲುಗಳನ್ನು ಸರಿಸಿ ಹುಟ್ಟುಗಳನ್ನು ನೋಡುತ್ತಿದ್ದ. ಅವನನ್ನು ಕರೆದೊಯ್ದರೆ ಕತೆ ಅಲ್ಲಿಗೇ ಮುಗಿಯುತ್ತದೆ. ಅವ್ವ ಬರುವವಳಲ್ಲ. ಉಳಿದವನು ಅಜ್ಜ. ಅವನಿಗೆ, "ಕಾಲೇಜಿಗೆ ಮನೆಯವರೊಬ್ರು ಬರ್ಬೇಕಂತೆ ಅಜ್ಜ," ಎಂದೆ.

"ಎಂತಕಂತೆ?"

"ಸುಮ್ನೆ. ನೋಡೂಕೆ."

ಅಜ್ಜ ತೊಳೆದಿಟ್ಟ ಪಂಚೆ ತೆಗೆಸಿ, ಗಡ್ಡ ಬೋಳಿಸಿಕೊಂಡ. ಇಂಥ ದಿನ ಬರಬಹುದೆಂದು ಅವನು ಎಣಿಸಿರಲಿಲ್ಲ, ಪಾಪ. ಮರುದಿನ ಬಸ್ಸಿನಲ್ಲಿ ಕಿಟಕಿಯ ಬದಿ ಕುಳಿತು, ಪಕ್ಕದವರಿಗೆಲ್ಲ ಮೊಮ್ಮಗನ ಕಾಲೇಜಿನಿಂದ ಕರೆ ಬಂದಿದೆ ಎಂದು ಹೇಳುತ್ತಿದ್ದ. ನಿಜ ಹೇಳಬೇಕೆಂದು ಹಲ್ದೀಪುರದಲ್ಲಿ ಒಮ್ಮೆ ಬಾಯಿ ತೆರೆದೆ. ಕುಮಟೆಯ ಸ್ಟ್ಯಾಂಡಿನಲ್ಲಿ ಇನ್ನೊಮ್ಮೆ ತೆರೆದೆ. ಎರಡು ಸಲವೂ ಮಾತು ಹೊರಡಲಿಲ್ಲ.

ಲೈಬ್ರರಿಯಲ್ಲಿ ಜಾಳಿಗೆಯ ಕೆಳಗಿನ ಕಿಂಡಿಯಿಂದ ಪುಸ್ತಕವನ್ನು ಒಳಗೆ ತಳ್ಳಿದೆ. ಲೈಬ್ರರಿಯನ್ ಅದನ್ನು ನೋಡಿದರು. ಮೂಸುವ ಅಗತ್ಯ ಬೀಳಲಿಲ್ಲ.

"ಇದು ಏನು?"

ನಾನು ನೆಲ ನೋಡುತ್ತಿದ್ದೆ. ಉತ್ತರ ಅಜ್ಜನಿಂದ ಬಂತು. "ನಾನೇ ಮಾಡ್ದದ್ದು ಮಾಸ್ತರ್ರೇ. ಮೀನೆಣ್ಣೆ, ರಾಳ. ನೀರು ಹಾಕಿ ನೋಡಿ ಬೇಕಾರೆ." ಹೇಳಿದ್ದಷ್ಟೇ ಅಲ್ಲ, ಕಿಂಡಿಯ ಒಳಗೆ ಕೈ ಹಾಕಿ, ಒದ್ದೆ ಕೊಡೆಯ ತುದಿಯನ್ನು ಪುಸ್ತಕದ ಮೇಲೆ ಝಾಡಿಸಿಯೇ ಬಿಟ್ಟ. ಲೈಬ್ರರಿಯನ್ ಕುರ್ಚಿಯಿಂದ ಅರ್ಧ ಎದ್ದರು.  ಹನಿಗಳು ರಟ್ಟಿನ ಮೇಲೆ ಉರುಳಿ ಮೇಜಿಗೆ ಬಿದ್ದವು. ಅಜ್ಜ ಪಂಚೆಯ ತುದಿಯಿಂದ ಮೇಜು ಒರೆಸಿ, "ಕಂಡ್ರಾ?" ಎಂದ.

ಲೈಬ್ರರಿಯನ್ ಪುಸ್ತಕ ಎತ್ತಿಕೊಂಡು ತೆರೆಯಲು ನೋಡಿದರು. ಆಗಲಿಲ್ಲ. ತಿರುಗಿಸಿ ಇನ್ನೊಂದು ಬದಿಯಿಂದ ನೋಡಿದರು. ಅಲ್ಲಿಂದಲೂ ಆಗಲಿಲ್ಲ. ಅವರ ಬೆರಳುಗಳು ಅಂಚಿನಲ್ಲಿ ತಡಕಾಡುವುದನ್ನು ಅಜ್ಜ ನೋಡುತ್ತ ನಿಂತಿದ್ದ. ಅವನ ಮುಖದ ಮೇಲಿನ ಖುಷಿ ನಿಧಾನವಾಗಿ ಇಳಿಯಿತು. ದೋಣಿಯ ಸಂದಿಯನ್ನು ಒಮ್ಮೆ ಮುಚ್ಚಿದ ಮೇಲೆ ಯಾರೂ ತೆರೆಯುವುದಿಲ್ಲ. ಪುಸ್ತಕದ ಸಂದಿ ತೆರೆಯಲಿಕ್ಕೆಂದೇ ಇರುವುದು ಎಂದು ಅವನಿಗೆ ಹೊಳೆದದ್ದು ಆಗ.

"ತೆಗೂಕೆ ಬತ್ತಿಲ್ಲ ಅಲ್ದಾ?" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಚಲೋ ಆತು ಅಂದಿದ್ಯಲ್ಲ?"

 ಲೈಬ್ರರಿಯನ್ ಮೇಜಿನ ಖಾನೆ ಎಳೆದು ನನ್ನ ಟಿಕೆಟ್ ತೆಗೆದು ಎದುರಿಗೆ ಇಟ್ಟುಕೊಂಡರು. ಬೂದು ಬಣ್ಣದ ತುಂಡು ರಟ್ಟು. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದರು. ಅವತ್ತು ನನ್ನ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ, ಆ ಎರಡು ಬೆರಳು ಮಾತ್ರ.

ಅಜ್ಜ ಜಾಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ತಪ್ಪು ನಂದು ಮಾಸ್ತರ್ರೇ. ಇವಂದಲ್ಲ. ಇವನಪ್ಪ ನೀರಲ್ಲಿ ಹೋದಂವ. ಇವಂಗೆ ಈಜು ಬತ್ತಿಲ್ಲ. ದಿನಾ ಹೊಳೆ ದಾಟಿ ನಿಮ್ಮಲ್ಲಿ ಬತ್ತಾ. ಲಾಂಚು ಆಚೆ ಮುಟ್ಟೂವರೆಗೆ ನಾ ದಂಡೆ ಮೇಲೆ ನಿಂತಿರ್ತೆ. ಇವನ ಮೈಗೆ ದೋಣಿ ಎಣ್ಣೆ ಹಚ್ಚೂಕೆ ಆತಿಲ್ಲ ಅಲ್ದಾ? ಪುಸ್ತಕಕ್ಕಾದ್ರೂ ಹಚ್ವ ಅಂದೆ."

 ಹೊರಗೆ ಪಿಂಗ್‌ಪಾಂಗ್ ಚೆಂಡಿನ ಸದ್ದು ಕೇಳುತ್ತಿತ್ತು. ಕೊನೆಗೆ ಲೈಬ್ರರಿಯನ್ ಟಿಕೆಟನ್ನು ಖಾನೆಯಲ್ಲಿ ಹಾಕಿ ಮುಚ್ಚಿದರು. ಮೇಜಿನಿಂದ ಪೆನ್ಸಿಲು ಹೆರೆಯುವ ಬ್ಲೇಡು ತೆಗೆದು ಪುಸ್ತಕದ ಜೊತೆ ನನ್ನ ಕಡೆ ತಳ್ಳಿದರು.

"ದಿನಾ ಬಿಡುವಿನ ಗಂಟೆಯಲ್ಲಿ ಇಲ್ಲಿ, ನನ್ನ ಎದುರು ಕೂತು, ಒಂದೊಂದೇ ಹಾಳೆ ಬಿಡಿಸಬೇಕು. ಹರಿದ ಹಾಳೆ, ಎಣ್ಣೆ ಕುಡಿದು ಅಕ್ಷರ ಕಾಣದ ಹಾಳೆ, ಪ್ರೊಫೆಸರರ ಪ್ರತಿ ನೋಡಿ ನಿನ್ನ ಕೈಯಿಂದ ಬರೆದು ಸೇರಿಸಬೇಕು. ಪೂರ್ತಿ ಆದ ದಿನ ಟಿಕೆಟ್ ಕೊಡುತ್ತೇನೆ." ಆಮೇಲೆ ಅಜ್ಜನಿಗೆ, "ನೀವು ಹೋಗಿ ಬನ್ನಿ. ಮಳೆ ಜೋರಿದೆ, ಅವನನ್ನೂ ಇವತ್ತು ಕರೆದುಕೊಂಡು ಹೋಗಿ," ಎಂದರು. ನಗಲಿಲ್ಲ. ನಗುವವರೂ ಅಲ್ಲ.

ಐದು ವಾರ ಹಿಡಿಯಿತು. ಐವತ್ತಕ್ಕೂ ಹೆಚ್ಚು ಹಾಳೆಗಳನ್ನು ಕೈಯಲ್ಲಿ ಬರೆದೆ. ಬರೆದು ಬರೆದೇ ಆ ಇಂಗ್ಲಿಷ್ ನನಗೆ ಅರ್ಥವಾಗತೊಡಗಿತು. ಟಿಕೆಟ್ ಕೈಗೆ ಬಂದ ವಾರವೇ ನೂಲ ಹುಣ್ಣಿಮೆ. ಚಿಕ್ಕಪ್ಪ ಬೇರೆ ಜನ ನೋಡಿಕೊಂಡ. ಆದರೆ ಆ ವರ್ಷದಿಂದ ನನ್ನಲ್ಲಿ ಗಟ್ಟಿಯಾಗಿ ಉಳಿದದ್ದು ಅದಲ್ಲ, ಅಜ್ಜ ಲೈಬ್ರರಿಗೆ ಬಂದ ದಿನ ಮಧ್ಯಾಹ್ನ ನಾವಿಬ್ಬರೂ ತಿರುಗಿ ಬಂದ ಲಾಂಚು.

ಕುಮಟೆಯಿಂದ ಹೊನ್ನಾವರದವರೆಗೆ ಅಜ್ಜ ಕಿಟಕಿಯ ಬದಿಗೆ ಕೂರಲಿಲ್ಲ. ಲಾಂಚು ನಿಲ್ಲುವ ಧಕ್ಕೆಯಲ್ಲಿ ಜನ ಕಡಿಮೆ. ಹೊಳೆ ಕೆಂಪಗೆ ಉಬ್ಬಿ ಹರಿಯುತ್ತಿತ್ತು. ನಾನು ಎಂದಿನಂತೆ ಇಂಜಿನ್ನಿನ ಹತ್ತಿರ ಜಾಗ ಹುಡುಕಿದರೆ ಅಲ್ಲಿ ಅಕ್ಕಿ ಚೀಲಗಳನ್ನು ಒಟ್ಟಿದ್ದರು. ಹೊಳೆಯ ಬದಿಯ ಹಲಗೆಯ ಮೇಲೆ ಕೂರಬೇಕಾಯಿತು. ಅಜ್ಜ ಎದುರು ಹಲಗೆಯಲ್ಲಿ ಕುಳಿತ. ಲಾಂಚು ಹೊರಟಿತು.

"ಪುಸ್ತಕ ಹಾಳಾತು ಅಂತ ನಿಂಗೆ ಅವತ್ತೇ ಗೊತ್ತಿತ್ತು," ಎಂದ.

"ಹೌದು."

"ಮತ್ತೆ ಎಂತಕೆ ಹೇಳ್ಲಿಲ್ಲ?"

"ಹೆದ್ರಿಕೆ ಆತು ಅಜ್ಜ."

ಅವನು ಅಳಿವೆಯ ಕಡೆ ನೋಡಿದ. ಅಲ್ಲಿ ಹೊಳೆಯ ನೀರೂ ಸಮುದ್ರದ ನೀರೂ ಸೇರುವಲ್ಲಿ ಬಿಳಿಯ ನೊರೆ ಏಳುತ್ತಿತ್ತು. ಅಜ್ಜ ಆ ಕಡೆ ನೋಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ನಿನ್ನಪ್ಪನೂ ಹೇಳ್ಲಿಲ್ಲ," ಎಂದ. "ಆ ದಿನ ಗಾಳಿ ಸಮ ಇರ್ಲಿಲ್ಲ. ಅಂವ ಹಗ್ಗ ಬಿಚ್ಚೂಕೆ ತಡ ಮಾಡ್ದ, ಹುಟ್ಟು ತಕಂಬೂಕೆ ತಡ ಮಾಡ್ದ. ನಂಗೆ ಸಿಟ್ಟು ಬಂತು. ಹೋಗೂಕೆ ಆತದಾ ಇಲ್ವಾ ಅಂತ ಬೈದೆ. ಅಂವ ಆತದೆ ಅಂದ. ಹೆದ್ರಿಕೆ ಆತದೆ ಅಂತ ಒಂದು ಮಾತು ಅಂದಿದ್ರೆ ನಾ ಕಳಿಸ್ತಿರ್ಲಿಲ್ಲ."

ಲಾಂಚು ನಡುಹೊಳೆಗೆ ಬಂದು ಒಂದು ಕಡೆಗೆ ವಾಲಿತು. ನನ್ನ ಕೈ ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಕಣ್ಣು ಮುಚ್ಚಿಕೊಳ್ಳಲಿಲ್ಲ.

"ಅಜ್ಜ, ನಂಗೆ ಹೆದ್ರಿಕೆ ಆತದೆ," ಎಂದೆ. "ದಿನಾ ಆತದೆ."

ಅವನು ಎದ್ದು, ಅಕ್ಕಿ ಚೀಲ ಹಿಡಿದುಕೊಂಡು ಓಲಾಡುತ್ತ ಬಂದು, ನನ್ನನ್ನು ಒಳಗೆ ಸರಿಸಿ, ಹೊಳೆಯ ಬದಿಗೆ ತಾನು ಕುಳಿತ.